ಹ್ಯಾಟಿ ಹ್ಯಾಟಿ ಆಗೋದು ತತ್ತಿ ಒಳಗ: ಎಣ್ಣಿ ಹೊಡಿಯೋಕಿಂತ ಮುಂಚೆ ಇದೊಂದು ಓದ್ರಿ

ಈ ಸಲದ ಟಿಪ್ಪಣಿ ಭತ್ತದ ಮ್ಯಾಲೂ ಅಲ್ಲ, ಹತ್ತಿ ಮ್ಯಾಲೂ ಅಲ್ಲ. ನಮ್ಮ ಅಂಗಳದ ಜವಾರಿ ಕೋಳಿ ಮ್ಯಾಲೆ. ಅದರಾಗೂ ಕಾವಿಗೆ ಇಟ್ಟ ತತ್ತಿಯೊಳಗ 21 ದಿನ ಏನು ನಡೀತದ ಅನ್ನೋದರ ಮ್ಯಾಲೆ. ಸ್ವಲ್ಪ ಉದ್ದ ಅದ, ಪುರುಸೊತ್ತಿನಾಗ ಓದ್ರಿ.

ಮೊದಲು ಎಲ್ಲಾರೂ ಆಡೋ ಮಾತಿನಿಂದ ಶುರು ಮಾಡ್ತೀನಿ. "ಫಾರಂ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಚುಚ್ತಾರ, ಅದಕ್ಕ 40 ದಿನದಾಗ 2 ಕಿಲೋ ಬರ್ತದ." ಮಾನ್ವಿ ಸಂತ್ಯಾಗೂ ಇದೇ ಮಾತು, ದೇವದುರ್ಗದ ಚಾ ಅಂಗಡ್ಯಾಗೂ ಇದೇ ಮಾತು. ಈ ಮಾತು ಖರೆ ಅಲ್ಲ. ಫಾರಂ ಕೋಳಿ ಬೇಗ ಬೆಳಿಯೋದು ಹತ್ತಾರು ವರ್ಷ ಆರಿಸಿ ಆರಿಸಿ ಬೆಳೆಸಿದ ತಳಿಯಿಂದ, ಲೆಕ್ಕಾಚಾರದ ಮೇವಿನಿಂದ. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನು. ಮೇವಿನಾಗ ಹಾಕಿದ್ರ ಹೊಟ್ಟಿಯಾಗ ಜೀರ್ಣ ಆಗಿ ಹೋಗ್ತದ. ಚುಚ್ಚಬೇಕಂದ್ರ ಒಂದೊಂದು ಕೋಳಿ ಹಿಡಿದು ಮತ್ತ ಮತ್ತ ಚುಚ್ಚಬೇಕು. ಹತ್ತು ಸಾವಿರ ಕೋಳಿ ಇರೋ ಶೆಡ್ಡಿನಾಗ ಅಷ್ಟು ಕೂಲಿ ಯಾರು ಕೊಡ್ತಾರ?

ಈ ಮಾತು ಪೂರಾ ಗಾಳಿಯಿಂದ ಹುಟ್ಟಿದ್ದೂ ಅಲ್ಲ. ಅಮೆರಿಕಾದಾಗ 1940-50ರ ದಶಕದಾಗ ಹುಂಜಗಳ ಕುತ್ತಿಗಿ ಚರ್ಮದ ಕೆಳಗ ಈಸ್ಟ್ರೋಜೆನ್ ತರಹ ಕೆಲಸ ಮಾಡೋ ಒಂದು ಗುಳಿಗಿ ಇಡ್ತಿದ್ರು, ಮಾಂಸ ಮೆತ್ತಗ ಆಗಲಿ ಅಂತ. 1959ರಲ್ಲಿ ಅದನ್ನ ಅಲ್ಲಿ ನಿಲ್ಲಿಸಿದ್ರು. ಇವತ್ತು ಫಾರಂ ಕೋಳಿ ಬಗ್ಗೆ ಚಿಂತಿ ಮಾಡೋದಾದ್ರ ಆಂಟಿಬಯೋಟಿಕ್ ಬಗ್ಗೆ ಮಾಡ್ರಿ. ಕೊಲಿಸ್ಟಿನ್ ಅನ್ನೋ ಔಷಧವನ್ನ ಮಾಂಸ, ತತ್ತಿ, ಹಾಲು ಕೊಡೋ ಪ್ರಾಣಿಗಳಿಗೆ ಬಳಸಬಾರದಂತ ನಮ್ಮ ಸರ್ಕಾರ 2019ರಲ್ಲಿ ನಿಷೇಧ ಮಾಡಿತು.

ನಾನು ಹೇಳಬೇಕಂತಿರೋದು ಇದು: ಹಾರ್ಮೋನ್ ಬಗ್ಗೆ ನಾವು ಹೆದರಬೇಕಾದ ಜಾಗ ಫಾರಂ ಶೆಡ್ ಅಲ್ಲ. ನಮ್ಮದೇ ಬುಟ್ಟಿಯಾಗ ಕಾವಿಗೆ ಕುಂತಿರೋ ತತ್ತಿ. ಅಲ್ಲಿ ಹಾರ್ಮೋನ್ ತಾನಾಗಿಯೇ ಕೆಲಸ ಮಾಡ್ತಿರ್ತದ, ಚಿಟಿಕಿಯಷ್ಟೂ ಬೇಕಾಗಿಲ್ಲದ ಅಳತಿಯಾಗ. ನಾವು ಹೊಲಕ್ಕ ಹೊಡಿಯೋ ಎಣ್ಣಿ, ಕೋಳಿಗೆ ಚೆಲ್ಲೋ ಕಾಳು, ಹಿಂಡಿ ಇವೆಲ್ಲ ಹೋಗಿ ಸೇರೋದು ಆ ತತ್ತಿಗೇ.

*ತತ್ತಿ ಒಳಗ ಏನು ನಡೀತದ?*

ತತ್ತಿ ಒಡೆದು ನೋಡಿದ್ರ ಹಳದಿ ಮ್ಯಾಲೆ ಒಂದು ಸಣ್ಣ ಬಿಳಿ ಚುಕ್ಕಿ ಕಾಣ್ತದ. ಹುಂಜ ಸೇರಿದ ತತ್ತಿಯಾದ್ರ ಅದು ಬರೇ ಚುಕ್ಕಿ ಅಲ್ಲ. ಹ್ಯಾಟಿ ತತ್ತಿ ಇಡೋ ಹೊತ್ತಿಗಾಗಲೇ ಅದರಾಗ ಹತ್ತಾರು ಸಾವಿರ ಜೀವಕೋಶ ಇರ್ತಾವ. ಅವುಗಳ ನಡುವ ಕೆಲವೇ ಡಜನ್ ಕೋಶಗಳು ಬ್ಯಾರೆ ಜಾತಿಯವು. ಅವು ರೆಕ್ಕಿ ಆಗೋದಿಲ್ಲ, ಕಾಲು ಆಗೋದಿಲ್ಲ. ಮುಂದಿನ ಪೀಳಿಗಿಯ ತತ್ತಿ ಇಲ್ಲಾ ವೀರ್ಯ ಆಗೋದಕ್ಕ ಎತ್ತಿಟ್ಟ ಬಿತ್ತನೆ ಬೀಜದಂಥವು. ಇವನ್ನ ಬೀಜಕೋಶ ಅಂತ ಕರೀತೀನಿ.

ಕಾವು ಶುರುವಾದ ಎರಡು-ಮೂರು ದಿನಕ್ಕ ಈ ಬೀಜಕೋಶಗಳು ಮರಿಯ ರಕ್ತದಾಗ ಇಳಿದು, ಹರಿವಿನ ಜೊತಿ ಪ್ರಯಾಣ ಮಾಡಿ, ಮುಂದ ಅಂಡಾಶಯ ಇಲ್ಲಾ ವೃಷಣ ಆಗಬೇಕಾದ ಜಾಗಕ್ಕ ಹೋಗಿ ಕುಂಡ್ರತಾವ. ಹಕ್ಕಿಗಳಾಗ ಇದು ವಿಶೇಷ. ಇಲಿಯಾಗ, ಮನುಷ್ಯರಾಗ ಈ ಕೋಶಗಳು ಅಂಗಾಂಗದ ನಡುವ ತೆವಳಿಕೊಂಡು ಹೋಗ್ತಾವ, ಕೋಳಿಯಾಗ ರಕ್ತದ ಕಾಲುವೆ ಹಿಡಿದು ಹೋಗ್ತಾವ.

5-6ನೇ ದಿನದವರೆಗೂ ಆ ಜಾಗ ಹೆಣ್ಣಿನದೂ ಅಲ್ಲ, ಗಂಡಿನದೂ ಅಲ್ಲ, ಎರಡೂ ಒಂದೇ ತರ ಕಾಣ್ತಾವ. ಲಿಂಗ ಅನ್ನೋದು ತತ್ತಿ ಇಡೋ ಮೊದಲೇ ವರ್ಣತಂತುವಿನಿಂದ ತೀರ್ಮಾನ ಆಗಿರ್ತದ. ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್ ಒಂದು ಡಬ್ಲ್ಯೂ. ಅಂದ್ರ ಕೋಳಿಯಾಗ ಮರಿ ಗಂಡೋ ಹೆಣ್ಣೋ ಅಂತ ತೀರ್ಮಾನ ಮಾಡೋದು ತಾಯಿ ಕೊಡೋ ಪಾಲು. ಮನುಷ್ಯರಾಗ ಇದು ತಿರುವುಮುರುವು, ಅಲ್ಲಿ ತೀರ್ಮಾನ ತಂದೆಯದು. ಬರೇ ಹೆಣ್ಣೇ ಹಡೀತಾಳಂತ ಸೊಸೀಗೆ ಬಯ್ಯೋ ಮನಿಗಳಿಗೆ ಈ ಒಂದು ಸಾಲು ಓದಿ ಹೇಳ್ರಿ.

ಝಡ್ ಮ್ಯಾಲೆ ಡಿಎಂಆರ್‌ಟಿ1 ಅಂತ ಒಂದು ಜೀನ್ ಅದ. ಎರಡು ಝಡ್ ಇದ್ದ ಮರಿಯಾಗ ಅದು ದುಪ್ಪಟ್ಟು ಕೆಲಸ ಮಾಡಿ ವೃಷಣ ಕಟ್ಟಿಸ್ತದ. ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನ 2009ರಲ್ಲಿ ತೋರಿಸಿದ್ರು. ಹೆಣ್ಣು ಮರಿಯಾಗ 6-7ನೇ ದಿನದ ಸುಮಾರಿಗೆ ಅರೊಮಟೇಸ್ ಅನ್ನೋ ಕಿಣ್ವ ಎದ್ದು ಈಸ್ಟ್ರೋಜೆನ್ ಹಾರ್ಮೋನ್ ತಯಾರು ಮಾಡ್ತದ. ಆ ಹಾರ್ಮೋನಿನ ಹುಕುಂ ಮ್ಯಾಲೆ ಎಡಗಡೆ ಅಂಡಾಶಯ ದಪ್ಪ ಆಗ್ತದ, ಬಲಗಡೆಯದು ಸೊರಗಿ ಹೋಗ್ತದ. ಕೋಳಿ ಕೊಯ್ಯುವಾಗ ನೋಡ್ರಿ, ಹ್ಯಾಟಿಗೆ ತತ್ತಿಗೊಂಚಲು ಇರೋದು ಎಡಕ್ಕ ಮಾತ್ರ.

ಆಮೇಲೆ ಎಡ ಅಂಡಾಶಯದಾಗ ಬೀಜಕೋಶಗಳು ಒಂದಕ್ಕೆರಡು, ಎರಡಕ್ಕೆ ನಾಲ್ಕು ಆಗ್ತಾ ಹೋಗ್ತಾವ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನು, ಈಸ್ಟ್ರೋಜೆನ್ನು ಸೇರಿ ಅವನ್ನ ಹೆಚ್ಚಿಸ್ತಾವ. 15-16ನೇ ದಿನದ ಹೊತ್ತಿಗೆ ವಿಟಮಿನ್-ಎ ಯಿಂದ ಹುಟ್ಟೋ ರೆಟಿನೋಯಿಕ್ ಆಮ್ಲ ಇನ್ನೊಂದು ಹುಕುಂ ಕೊಡ್ತದ: ಹೆಚ್ಚೋದು ಸಾಕು, ತತ್ತಿ ಆಗೋ ದಾರಿ ಹಿಡೀರಿ. 17ನೇ ದಿನಕ್ಕ ಆ ಎಡ ಅಂಡಾಶಯದಾಗ ಸುಮಾರು 6.8 ಲಕ್ಷ ಬೀಜಕೋಶ ಇರ್ತಾವ, ಮರಿ ಚಿಪ್ಪು ಒಡೆಯೋ ಹೊತ್ತಿಗೆ ಸುಮಾರು 4.8 ಲಕ್ಷಕ್ಕ ಇಳೀತಾವ. ಅಲ್ಲಿಂದ ಮುಂದ ಹೊಸದು ಹುಟ್ಟೋದಿಲ್ಲ. ಗಂಡು ಮರಿಯಾಗ ಹಂಗಲ್ಲ. ಅದರ ಬೀಜಕೋಶಗಳು ಸುಮ್ಮನ ಕುಂತು, ಹುಂಜ ಪ್ರಾಯಕ್ಕ ಬಂದ ಮ್ಯಾಲೆ ವೀರ್ಯ ಮಾಡ್ತಾವ.

ಜವಾರಿ ಹ್ಯಾಟಿ ವರ್ಷಕ್ಕ ಇಡೋದು 50-60 ತತ್ತಿ. ಲಕ್ಷಗಟ್ಟಲೆ ದಾಸ್ತಾನು ಇರೋದ್ರಿಂದ ಬೀಜಕೋಶ ಖಾಲಿ ಆಗಿ ತತ್ತಿ ನಿಲ್ಲೋದಿಲ್ಲ. ಆದ್ರ ಆ ದಾಸ್ತಾನು ಇಟ್ಟುಕೊಳ್ಳೋ ಮನಿ, ಅಂದ್ರ ಅಂಡಾಶಯ ಮತ್ತ ತತ್ತಿನಾಳ, ಕಟ್ಟೋದು ಆ 21 ದಿನದಾಗ. ಅಡಿಪಾಯ ಸೊಟ್ಟ ಬಿದ್ದ ಮನಿಗೆ ಆಮೇಲೆ ಎಷ್ಟು ಗಿಲಾವ್ ಮಾಡಿದ್ರೇನು?

*ಕೂಗೋ ಹ್ಯಾಟಿಯ ಕಥಿ*

ಹ್ಯಾಟಿ ಹುಂಜದಂಗ ಕೂಗಿದ್ರ ಮನಿಗೆ ಕೇಡು ಅಂತ ನಮ್ಮ ಹಿರಿಯರು ಅಂತಾರ, ಅವತ್ತೇ ಕೊಯ್ದು ಬಿಡ್ತಾರ. ಕೇಡು ಮನಿಗಲ್ಲ, ಆ ಹ್ಯಾಟಿಯ ಎಡ ಅಂಡಾಶಯಕ್ಕ. ಗಡ್ಡಿಯೋ ಸೋಂಕೋ ಬಂದು ಎಡಗಡೆಯದು ಹಾಳಾದ್ರ ಈಸ್ಟ್ರೋಜೆನ್ ಇಳೀತದ. ಆಗ ಬಲಗಡೆ ಸೊರಗಿ ಕುಂತಿದ್ದ ತುಣುಕು ವೃಷಣದ ತರ ಬೆಳಿಯೋಕೆ ಶುರು ಮಾಡ್ತದ. ಜುಟ್ಟು ದೊಡ್ಡದಾಗ್ತದ, ಹುಂಜದ ಪುಕ್ಕ ಬರ್ತದ, ಕೂಗ್ತದ. ಹಾರ್ಮೋನಿನ ಕೈ ಎಷ್ಟು ಉದ್ದ ಅನ್ನೋದಕ್ಕ ನಮ್ಮ ಹಟ್ಟಿಯಾಗ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

1992ರಲ್ಲಿ ಪ್ರಕಟವಾದ ಒಂದು ಪ್ರಯೋಗದಾಗ ಕಾವಿನ ಮೊದಲ ದಿನಗಳಾಗೇ ತತ್ತಿಗೆ ಅರೊಮಟೇಸ್ ತಡೆಯೋ ಔಷಧ ಕೊಟ್ರು. ವರ್ಣತಂತು ಪ್ರಕಾರ ಹ್ಯಾಟಿ ಆಗಬೇಕಾದ ಮರಿಗಳು ವೃಷಣ ಕಟ್ಟಿಕೊಂಡು ಹುಂಜದಂಗ ಬೆಳೆದ್ವು. ಒಂದೇ ಸಲ, ಸರಿಯಾದ ಹೊತ್ತಿಗೆ ಬಿದ್ದ ಒಂದು ಔಷಧ. ಹಂಗಂತ ಹಾರ್ಮೋನೇ ಎಲ್ಲಾ ಅಂತಲ್ಲ. ಅರ್ಧ ಮೈ ಹುಂಜ, ಅರ್ಧ ಮೈ ಹ್ಯಾಟಿ ಇರೋ ಅಪರೂಪದ ಕೋಳಿಗಳನ್ನ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯವರು ಪರೀಕ್ಷೆ ಮಾಡಿ, ಮೈಯ ಒಂದೊಂದು ಕೋಶಕ್ಕೂ ತನ್ನದೇ ಲಿಂಗದ ನೆನಪು ಅದ ಅಂತ 2010ರಲ್ಲಿ ಬರೆದ್ರು. ಅಂದ್ರ ಮೈಗೆ ತನ್ನದೇ ಗಟ್ಟಿತನ ಅದ. ಆದ್ರ ಅಂಡಾಶಯದ ವಿಷಯಕ್ಕ ಬಂದ್ರ ಹಾರ್ಮೋನಿನ ಮಾತೇ ಭಾರ.

*ಎಣ್ಣಿಗೂ ಇದಕ್ಕೂ ಏನು ಸಂಬಂಧ?*

ಕೆಲವು ರಾಸಾಯನಿಕಗಳು ಮೈಯೊಳಗ ಹೋಗಿ ಈಸ್ಟ್ರೋಜೆನ್ನಿನ ವೇಷ ಹಾಕ್ತಾವ. 1981ರಲ್ಲಿ ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಫ್ರೈ ಮತ್ತು ಟೂನ್ ಅನ್ನೋ ಇಬ್ಬರು ಕಡಲಹಕ್ಕಿ ಗಲ್‌ನ ತತ್ತಿಗಳಿಗೆ ಡಿಡಿಟಿ ಸೇರಿಸಿ ನೋಡಿದ್ರು. ಅಲ್ಲಿನ ಹಕ್ಕಿ ತತ್ತಿಗಳಾಗ ಆಗ ಸಿಗ್ತಿದ್ದಂಥ ಪ್ರಮಾಣವೇ. ಗಂಡು ಮರಿಗಳ ವೃಷಣದಾಗ ಅಂಡಾಶಯದ ಭಾಗ ಬೆಳೆದಿತ್ತು. ನಮ್ಮ ದೇಶದಾಗ ಬೆಳೆಗಳಿಗೆ ಡಿಡಿಟಿ ಹೊಡಿಯೋದನ್ನ 1989ರಲ್ಲಿ ನಿಲ್ಲಿಸಿದ್ರು.

ಎಂಡೋಸಲ್ಫಾನ್ ನಮ್ಮ ಹತ್ತಿ ರೈತರಿಗೆ ಗೊತ್ತಿದ್ದ ಹೆಸರು. ಕಾಸರಗೋಡಿನ ಗೇರು ತೋಟಗಳ ಮ್ಯಾಲೆ ಅದನ್ನ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸುರಿದ್ರು. ಅಲ್ಲಿನ ಕನ್ನಡ ಪತ್ರಕರ್ತ ಶ್ರೀಪಡ್ರೆಯವರು ತಮ್ಮ ಊರಿನ ದನಕರು, ಜನರ ಮ್ಯಾಲೆ ಆದದ್ದನ್ನ ಮೊದಮೊದಲು ಬರೆದವರಾಗ ಒಬ್ಬರು. 2003ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿನ ಗಂಡುಹುಡುಗರು ಪ್ರಾಯಕ್ಕ ಬರೋದು ತಡ ಆಗಿರೋದನ್ನ, ಹಾರ್ಮೋನಿನಾಗ ಏರುಪೇರು ಇರೋದನ್ನ ವರದಿ ಮಾಡಿದ್ರು. 2011ರ ಮೇ 13ಕ್ಕ ಸುಪ್ರೀಂ ಕೋರ್ಟ್ ದೇಶಕ್ಕೇ ಅದನ್ನ ತಡೀತು.

"ಅವೆಲ್ಲ ಹಳೇ ಔಷಧ, ಈಗಿನವು ಬೇಗ ಕರಗಿ ಹೋಗ್ತಾವ" ಅಂತ ನೀವು ಅಂತೀರಿ. ಖರೆ, ಈಗಿನ ಬಹಳಷ್ಟು ಔಷಧ ಡಿಡಿಟಿ ಹಂಗ ವರ್ಷಗಟ್ಟಲೆ ಕೊಬ್ಬಿನಾಗ ಕುಂಡ್ರೋದಿಲ್ಲ. ಆದ್ರ ಅದರಿಂದ ನಮ್ಮ ಕೋಳಿಗೆ ಪೂರಾ ರಕ್ಷಣೆ ಸಿಕ್ಕಂಗಲ್ಲ. ಕಾರಣ ಇಷ್ಟೇ: ತತ್ತಿಯ ಹಳದಿ ಕೊನೆಯ ಸುಮಾರು 10 ದಿನದಾಗ ಭರಭರ ತುಂಬ್ತದ. ಆ ಹತ್ತು ದಿನ ಹ್ಯಾಟಿ ಏನು ತಿಂದದೋ ಅದರ ಪಾಲು ಹಳದಿಗೆ ಬರ್ತದ, ಹಳದಿಯಿಂದ ಮರಿಗೆ. ತುಂಗಭದ್ರಾ ಎಡದಂಡೆಯ ಭತ್ತದಾಗ, ನಾರಾಯಣಪುರ ಬಲದಂಡೆಯ ಹತ್ತಿ-ಮೆಣಸಿನಕಾಯಿಯಾಗ ಹಂಗಾಮಿನ ತುಂಬ ಒಬ್ಬರಾದ ಮ್ಯಾಲೆ ಒಬ್ಬರು ಹೊಡೀತಾನೇ ಇರ್ತೀವಿ. ಔಷಧ ಕರಗೋದರೊಳಗ ಪಕ್ಕದ ಹೊಲದವ್ರ ಪಂಪು ಶುರು ಆಗಿರ್ತದ. ಹ್ಯಾಟಿಗೆ ಹದ್ದು-ಬಂದೋಬಸ್ತು ಗೊತ್ತಿಲ್ಲ, ಬದುವು ದಾಟಿ ಮೇಯ್ತದ.

"ಒಂದೀಟು ಬಿದ್ರ ಏನಾಗ್ತದ?" ಅನ್ನೋ ಮಾತಿಗೆ ನನ್ನ ಉತ್ತರ: ಬೆಳೆದ ಕೋಳಿಗೆ ಏನೂ ಆಗದೇ ಇರಬಹುದು. ಆದ್ರ ತತ್ತಿಯೊಳಗಿನ ಮರಿಗೆ ಹುಕುಂ ಕೊಡೋ ಹಾರ್ಮೋನೇ ಒಂದೀಟಿಗಿಂತ ಎಷ್ಟೋ ಕಡಿಮೆ. ಪಿಸುಮಾತಿನಾಗ ನಡಿಯೋ ಕೆಲಸದ ನಡುವ ಯಾರೋ ಪಕ್ಕದಾಗ ಕುಂತು ಬ್ಯಾರೆ ಪಿಸುಮಾತು ಹೇಳಿದ್ರ ಸಾಕು, ಕೆಲಸ ಕೆಡ್ತದ. ಕೂಗಬೇಕಂತಿಲ್ಲ.

ಹಂಗಂತ ಮರಿ ಒಡೀಲಿಲ್ಲ ಅಂದ ಕೂಡ್ಲೇ ಎಣ್ಣಿ ಮ್ಯಾಲೆ ಹಾಕಬ್ಯಾಡ್ರಿ. ಹುಂಜ ಮುದಿ ಇದ್ರೂ, 20 ಹ್ಯಾಟಿಗೆ ಒಂದೇ ಹುಂಜ ಇದ್ರೂ, ಒಂದೇ ಹುಂಜದ ಮಕ್ಕಳು-ಮೊಮ್ಮಕ್ಕಳಾಗೇ ಸಂತಾನ ನಡೆದ್ರೂ ತತ್ತಿ ಬರಡಾಗ್ತಾವ. 8-10 ಹ್ಯಾಟಿಗೆ ಒಂದು ಹುಂಜ ಇರಲಿ, ವರ್ಷ-ಎರಡು ವರ್ಷಕ್ಕ ಬ್ಯಾರೆ ಊರಿನಿಂದ ಹುಂಜ ತರ್ರಿ.

*ನಮ್ಮ ಕೈಯಾಗ ಇರೋದು*

ಒಂದು. ಮರಿಗೆ ಇಡೋ ತತ್ತಿ ಬೇಕಂದ್ರ ಆ ಹ್ಯಾಟಿಗಳನ್ನ ಎರಡು ವಾರ ಮುಂಚೆಯಿಂದ ಎಣ್ಣಿ ಹೊಡೆದ ಹೊಲಕ್ಕ ಬಿಡಬ್ಯಾಡ್ರಿ. ಅಂಗಳದಾಗ ಹಳೇ ಮೀನಿನ ಬಲೆ ಕಟ್ಟಿದ್ರೂ ಸಾಕು. ಭತ್ತಕ್ಕ ಗುಳಿಗಿ ಔಷಧ ಚೆಲ್ಲಿದ ಮಡಿಯ ಬದುವಿಗಂತೂ ಯಾವ ಕೋಳಿಯೂ ಹೋಗಬಾರದು. ಅದನ್ನ ಕಾಳು ಅಂತ ಹೆಕ್ಕಿದ್ರ ಹಾರ್ಮೋನಿನ ಮಾತೇ ಬರೋದಿಲ್ಲ, ಅಲ್ಲೇ ಸಾಯ್ತದ.

ಎರಡು. ಬಿತ್ತಿ ಉಳಿದ ಬಣ್ಣದ ಬೀಜ, ಅದು ಗೋವಿನಜೋಳ ಇರಲಿ, ಹತ್ತಿ ಇರಲಿ, ಕೋಳಿಗೆ ಚೆಲ್ಲಬ್ಯಾಡ್ರಿ. ಆ ಕೆಂಪು-ನೀಲಿ ಬಣ್ಣ ಇರೋದೇ ಔಷಧ ಹಚ್ಚಿದ್ದು ಅಂತ ತಿಳೀಲಿ ಅಂತ. ತೊಳೆದ್ರ ಹೋಗೋದಿಲ್ಲ.

ಮೂರು. ಹತ್ತಿಕಾಳಿನ ಹಿಂಡಿ. ರಾಯಚೂರು ಅಂದ್ರ ಹತ್ತಿ, ಹಿಂಡಿ ಅಗ್ಗಕ್ಕ ಸಿಗ್ತದ, ಎಮ್ಮಿಗೆ ಹಾಕ್ತೀವಿ. ಉಳಿದದ್ದು ಕೋಳಿಗೂ ಬೀಳ್ತದ. ಹತ್ತಿಕಾಳಿನಾಗ ಗಾಸಿಪಾಲ್ ಅನ್ನೋ ವಸ್ತು ಅದ, ಅದರಿಂದ ಇಟ್ಟ ತತ್ತಿಯ ಹಳದಿ ಪಾಚಿ ಬಣ್ಣಕ್ಕ ತಿರುಗ್ತದ. ಅದರ ಎಣ್ಣೆಯಾಗಿರೋ ಇನ್ನೊಂದು ಜಾತಿಯ ಕೊಬ್ಬಿನ ಆಮ್ಲದಿಂದ ಬಿಳಿಭಾಗ ಗುಲಾಬಿ ಆಗ್ತದ, ತತ್ತಿಯೊಳಗ ಮರಿ ಸಾಯೋದು ಹೆಚ್ಚಾಗ್ತದ. ಎಮ್ಮಿಯ ಹೊಟ್ಟಿ ತಡಕೊಳ್ಳೋದನ್ನ ಕೋಳಿ ತಡಕೊಳ್ಳೋದಿಲ್ಲ. ಮರಿಗೆ ತತ್ತಿ ಕೊಡೋ ಹ್ಯಾಟಿಗೆ ಇದು ಬ್ಯಾಡವೇ ಬ್ಯಾಡ.

ನಾಲ್ಕು. ಬೂಷ್ಟು ಹಿಡಿದ ಶೇಂಗಾ ಹಿಂಡಿ, ಮಳಿಗೆ ತೊಯ್ದ ಗೋವಿನಜೋಳ. ಒಂದು ಜಾತಿ ಬೂಷ್ಟು ಈಸ್ಟ್ರೋಜೆನ್ ತರ ಕೆಲಸ ಮಾಡೋ ವಿಷ ಬಿಡ್ತದ. ಹಂದಿಗಳು ಅದಕ್ಕ ಬಹಳ ಬೇಗ ಬೀಳ್ತಾವ, ಕೋಳಿ ಸ್ವಲ್ಪ ತಡೀತದ. ಆದ್ರ ಶೇಂಗಾದ ಬೂಷ್ಟಿನ ಅಫ್ಲಾಟಾಕ್ಸಿನ್ ಕೋಳಿಯ ಪಿತ್ತಕೋಶದ ಪಕ್ಕದ ಯಕೃತ್ತನ್ನೇ ಹಾಳು ಮಾಡ್ತದ. ನಮಗ ಬ್ಯಾಡಾದದ್ದು ಕೋಳಿಗೆ ಅನ್ನೋ ಲೆಕ್ಕ ಬಿಡ್ರಿ.

ಐದು. ಹಸಿರು ಹಾಕ್ರಿ. ನುಗ್ಗಿಸೊಪ್ಪು, ಕುದುರೆಮೆಂತ್ಯ, ಅಂಗಳದ ರಾಜಗಿರಿ. ವಿಟಮಿನ್-ಎ ಇಲ್ಲದ ಹ್ಯಾಟಿಯ ತತ್ತಿಯಾಗ ಮರಿಯ ರಕ್ತನಾಳವೇ ಸರಿಯಾಗಿ ಕಟ್ಟದೆ ಮೊದಲ ಎರಡು-ಮೂರು ದಿನಕ್ಕ ಸತ್ತು ಹೋಗ್ತದ. ಬೀಜಕೋಶಕ್ಕ ಹುಕುಂ ಕೊಡೋ ಆಮ್ಲ ಬರೋದೂ ಇದರಿಂದಲೇ ಅಂತ ಮ್ಯಾಲೆ ಹೇಳೀನಿ.

ಆರು. ನಮ್ಮ ಬಿಸಿಲು. ತತ್ತಿ ಇಟ್ಟಾಗಲೇ ಒಳಗ ಜೀವ ಅದ. ತಂಪಿದ್ರ ಅದು ಮಲಗಿರ್ತದ. ನಮ್ಮ ಮೇ ತಿಂಗಳ 40 ಡಿಗ್ರಿ ದಾಟೋ ಬಿಸಿಲಿನಾಗ ಕಾವಿಲ್ಲದೇನೇ ಅರೆಬರೆ ಎದ್ದು, ಬೆಳೆದಂಗ ಮಾಡಿ ಸಾಯ್ತದ. ತತ್ತಿಯನ್ನ ದಿನಾ ಎತ್ತಿಡ್ರಿ, ಗಡಿಗಿಯಾಗ ತೇವದ ಉಸುಕು ಹಾಕಿ ಮ್ಯಾಲೆ ಬಟ್ಟಿ ಹಾಸಿ ಮನಿಯ ತಂಪು ಮೂಲ್ಯಾಗ ಇಡ್ರಿ, ಒಂದು ವಾರದ ಒಳಗ ಕಾವಿಗೆ ಕೂಡಿಸ್ರಿ. ಚಳಿಗಾಲದ ಕಾವೇ ಒಳ್ಳೇದು.

ಇನ್ನ ಒಂದು ಎಚ್ಚರಿಕಿ. ಚೂಪು ತತ್ತಿ ಹುಂಜ, ದುಂಡು ತತ್ತಿ ಹ್ಯಾಟಿ ಅನ್ನೋ ಮಾತು ನಂಬಬ್ಯಾಡ್ರಿ. "ಬರೇ ಹ್ಯಾಟಿ ಆಗೋ ತತ್ತಿ" ಅಂತ ಯಾರಾದ್ರೂ ಹೆಚ್ಚು ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ. ಕಾವಿಗೆ ಇಟ್ಟ ತತ್ತಿಯಾಗ 9ನೇ ದಿನಕ್ಕ ಹಾರ್ಮೋನ್ ಪರೀಕ್ಷೆ ಮಾಡಿ ಹೆಣ್ಣು-ಗಂಡು ಹೇಳೋ ಯಂತ್ರ ಜರ್ಮನಿಯಾಗ ಬಂದದ, ಗಂಡು ಮರಿ ಕೊಲ್ಲೋದನ್ನ ಅಲ್ಲಿ 2022ರಿಂದ ಕಾನೂನಿನಿಂದ ನಿಲ್ಲಿಸ್ಯಾರ. ಅದು ದೊಡ್ಡ ಹ್ಯಾಚರಿಯ ಯಂತ್ರ. ಸಂತ್ಯಾಗ ತತ್ತಿ ನೋಡಿ ಹೇಳೋ ವಿದ್ಯೆ ಯಾರ ಹತ್ರನೂ ಇಲ್ಲ.

*ಕೊನೆಗೆ, ಇದು ಯಾರ ಕೋಳಿ?*

ಇಷ್ಟು ವಿಜ್ಞಾನ ಬರೆದದ್ದು ಒಂದು ಮಾತು ಹೇಳಾಕ. ನಮ್ಮ ಮನಿಗಳಾಗ ಕೋಳಿ ಯಾರದು? ಅವ್ವಂದು, ಹೆಂಡ್ತಿದು, ಅಕ್ಕಂದು. ತತ್ತಿ ರೊಕ್ಕ ಅವರ ಸೆರಗಿನಾಗ ಇರ್ತದ, ಸಂಘದ ಕಂತಿಗೆ ಹೋಗ್ತದ, ಮಕ್ಕಳ ಪೆನ್ನು-ಪುಸ್ತಕಕ್ಕ ಹೋಗ್ತದ. ಎಣ್ಣಿ ಹೊಡಿಯೋದು ಯಾರು? ನಾವು ಗಂಡಸರು. ಯಾವತ್ತು, ಯಾವ ಔಷಧ, ಯಾವ ಹೊಲಕ್ಕ ಅಂತ ಗೊಬ್ಬರದ ಅಂಗಡ್ಯಾಗ ತೀರ್ಮಾನ ಆಗ್ತದ, ಮನಿಯಾಗ ಆಗೋದಿಲ್ಲ. ಆಕಿಗೆ ಗೊತ್ತಾಗೋದು ಪಂಪು ಬೆನ್ನಿಗೆ ಏರಿದ ಮ್ಯಾಲೆ, ಕೋಳಿ ಆಗಲೇ ಹೊಲದಾಗ ಇರ್ತಾವ.

ನನ್ನ ಅಭಿಪ್ರಾಯ ಇಷ್ಟೇ. ಎಣ್ಣಿ ಹೊಡಿಯೋ ಹಿಂದಿನ ದಿನ ಮನಿಯಾಗ ಹೇಳೋದು ಒಂದು ರೂಢಿ ಆಗಬೇಕು, ಪಕ್ಕದ ಹೊಲದವ್ರಿಗೂ ಒಂದು ಮಾತು ಮುಟ್ಟಬೇಕು. ಓಣಿಗೊಂದು ವಾಟ್ಸಾಪ್ ಗುಂಪು ಹೆಂಗೂ ಅದ. ಗುಡ್ ಮಾರ್ನಿಂಗ್ ಫೋಟೋ ಹಾಕೋ ಜಾಗದಾಗ "ನಾಳೆ ಕೆಳಗಿನ ಹೊಲಕ್ಕ ಹೊಡೀತೀನಿ, ಕೋಳಿ ಕಟ್ಟಿಹಾಕ್ರಿ" ಅಂತ ಒಂದು ಸಾಲು ಹಾಕಿದ್ರ ಖರ್ಚೇನೂ ಬರೋದಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವ್ರು, ಕೃಷಿ ವಿಜ್ಞಾನ ಕೇಂದ್ರದವ್ರು ಹಳ್ಳಿಗೆ ತರಬೇತಿಗೆ ಬಂದಾಗ "ಈ ಔಷಧ ಹೊಡೆದ ಮ್ಯಾಲೆ ಕೋಳಿ ಎಷ್ಟು ದಿನ ಬಿಡಬಾರದು?" ಅಂತ ನಾವೇ ಎದ್ದು ಕೇಳಬೇಕು. ಆ ಸಭೆಗೆ ಗಂಡಸರಷ್ಟೇ ಅಲ್ಲ, ಕೋಳಿ ಸಾಕೋ ಹೆಣ್ಣುಮಕ್ಕಳೂ ಬರಬೇಕು. ಡಬ್ಬಿಯ ಮ್ಯಾಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕಂತ ಬರೆದಿರ್ತದ. ಕೋಳಿಯ ಲೆಕ್ಕವೂ ರೈತನ ಬಾಯಿಗೆ ಬರೋತನಕ ಕೇಳ್ತಾನೇ ಇರೋಣ.

ಫಾರಂ ಕೋಳಿಯವ್ರು ಏನು ಚುಚ್ತಾರ ಅಂತ ಮಾತಾಡೋದು ಸುಲಭ, ಅದು ಬ್ಯಾರೆಯವರ ಶೆಡ್ಡು. ನಮ್ಮ ಹ್ಯಾಟಿ ನಾಳೆ ಇಡೋ ತತ್ತಿಯ ಹಳದಿ ಇವತ್ತು ತುಂಬ್ಲಿಕ್ಕತ್ತೈತಿ. ಅದರಾಗ ಏನು ಹೋಗಬೇಕು, ಏನು ಹೋಗಬಾರದು ಅನ್ನೋದು ನಮ್ಮ ಕೈಯಾಗ ಅದ.

ನಿಮ್ಮೂರಾಗ ಮರಿ ಒಡೆಯೋದು ಹೆಂಗದ, ಎಷ್ಟಕ್ಕ ಎಷ್ಟು ಬರ್ತಾವ, ಎಣ್ಣಿ ಹಂಗಾಮಿನಾಗ ಏನಾರ ಫರಕು ಕಂಡೀರೇನು, ಕೆಳಗ ಬರೀರಿ. ನೀವೇ ಬರೀಬೇಕಂತಿಲ್ಲ, ಕೋಳಿ ಸಾಕೋ ಅವ್ವನ್ನ, ಅಕ್ಕನ್ನ ಕೇಳಿ ಬರೀರಿ. ಲೆಕ್ಕ ಇಟ್ಟೋರು ಅವರೇ.